ಬಳುಕುವ ಅರ



ಮನೆಯೊಳಗೆ ನಾವು ‘ಹಲ್ಲು’ ಎನ್ನುತ್ತೇವೆ, ಬೀದಿಗೆ ಇಳಿದರೆ ‘ಪಲ್’ ಎನ್ನುತ್ತೇವೆ. ಮನೆಯಲ್ಲಿ ‘ಬೇರು’, ಸಂತೆಯಲ್ಲಿ ‘ವೇರ್’. ಕಮ್ಮಾರ ಕಬ್ಬಿಣ ಉಜ್ಜುವ ಉಪಕರಣ ನಮಗೆ ‘ಅರ’, ತಮಿಳಿನಲ್ಲಿ ‘ಅರಂ’. ಈ ಹೊತ್ತು ನಾನು ಹೇಳಹೊರಟಿರುವ ವಿಷಯದಲ್ಲಿ ಈ ಮೂರೂ ಸೇರಿವೆ. ಹಲ್ಲಿನ ಬೇರಿನೊಳಗೆ ಇಳಿಯುವ, ತುದಿಯಲ್ಲಿ ತಲೆಗೂದಲಿಗಿಂತ ತುಸುವೇ ದಪ್ಪಗಿರುವ ಒಂದು ಅರದ ಕಥೆ ಇದು.

2009ರಲ್ಲಿ ತಿರುಪ್ಪೂರು ಬೇರೆ ಜಿಲ್ಲೆಯಾಯಿತು. ಜಿಲ್ಲೆ ಎರಡಾದರೂ ಹಲ್ಲುನೋವು ಮಾತ್ರ ಒಂದೇ. ಸಿರುಮುಗೈ ಆಗಲಿ, ನೆಗಮಂ ಆಗಲಿ, ಉಡುಮಲಪೇಟೆ ಆಗಲಿ, ನೋವು ಹಗಲೆಲ್ಲ ಸುಮ್ಮನಿದ್ದು ರಾತ್ರಿ ಮಲಗಿದ ಮೇಲೆ ಎದ್ದು ಕೂರುತ್ತದೆ. ಲವಂಗ ಕಚ್ಚುತ್ತೇವೆ, ಉಪ್ಪುನೀರು ಮುಕ್ಕಳಿಸುತ್ತೇವೆ, ಔಷಧಿ ಅಂಗಡಿಯ ಮಾತ್ರೆ ನುಂಗುತ್ತೇವೆ. ಕೊನೆಗೆ ಒಂದು ದಿನ ಕೆನ್ನೆ ಊದಿಸಿಕೊಂಡು ಬಂದು, “ಕಿತ್ತುಬಿಡಿ ಡಾಕ್ಟ್ರೇ” ಎನ್ನುತ್ತೇವೆ.

ಕೀಳುವುದು ಸುಲಭ. ಆದರೆ ಕಿತ್ತ ದವಡೆ ಹಲ್ಲು ಮತ್ತೆ ಹುಟ್ಟುವುದಿಲ್ಲ. ಅಕ್ಕಪಕ್ಕದ ಹಲ್ಲುಗಳು ಖಾಲಿ ಜಾಗಕ್ಕೆ ವಾಲುತ್ತವೆ, ಎದುರಿನ ಹಲ್ಲು ಇಳಿದು ಬರುತ್ತದೆ, ಊಟ ಒಂದೇ ಬದಿಗೆ ಸರಿಯುತ್ತದೆ. ಅದಕ್ಕೇ ಉಳಿಸುವ ದಾರಿ ಇದ್ದರೆ ಮೊದಲು ಅದನ್ನು ನೋಡಬೇಕು. ಆ ದಾರಿಯೇ ಬೇರುನಾಳ ಚಿಕಿತ್ಸೆ. ತಮಿಳಿನಲ್ಲಿ ‘ವೇರ್ ಚಿಕಿಚ್ಚೈ’ ಎನ್ನುತ್ತಾರೆ. ಜನರ ಬಾಯಲ್ಲಿ ಅದು ‘ರೂಟ್ ಕೆನಾಲ್’, ಇಲ್ಲವೇ ‘ನರ ತೆಗೆಯೋದು’.

ಹಲ್ಲು ಹೊರಗೆ ಕಲ್ಲಿನಂತಿದ್ದರೂ ಒಳಗೆ ಮೆತ್ತನೆಯ ತಿರುಳಿದೆ. ಅದರಲ್ಲಿ ನರವೂ ರಕ್ತನಾಳವೂ ಇವೆ. ಹುಳುಕು ಆಳಕ್ಕೆ ಇಳಿದು ತಿರುಳನ್ನು ಮುಟ್ಟಿದರೆ ತಿರುಳು ಊದಿಕೊಳ್ಳುತ್ತದೆ, ಆಮೇಲೆ ಸಾಯುತ್ತದೆ, ಕೊನೆಗೆ ಬೇರಿನ ತುದಿಯಲ್ಲಿ ಕೀವು ಕಟ್ಟುತ್ತದೆ. ಚಿಕಿತ್ಸೆಯೆಂದರೆ ಆ ತಿರುಳನ್ನು ತೆಗೆದು, ನಾಳವನ್ನು ಶುದ್ಧಮಾಡಿ, ಅಗಲಿಸಿ, ಗಟ್ಟಾಪರ್ಚಾ ಎಂಬ ರಬ್ಬರಿನಂಥ ಮರದ ಅಂಟಿನಿಂದ ತುಂಬಿ ಮುಚ್ಚುವುದು.

ಹೇಳಲು ಇಷ್ಟೇ. ಆದರೆ ಆ ನಾಳ ಬೋರ್‌ವೆಲ್ಲಿನ ಹಾಗೆ ನೆಟ್ಟಗಿರುವುದಿಲ್ಲ. ಬಂಡೆ ಸಿಕ್ಕಲ್ಲಿ ಪಕ್ಕಕ್ಕೆ ಹೊರಳಿ ಇಳಿಯುವ ಹುಣಸೆ ಬೇರಿನ ಹಾಗಿರುತ್ತದೆ. ಕೆಳಗಿನ ಮೊದಲ ದವಡೆ ಹಲ್ಲಿಗೆ ಸಾಮಾನ್ಯವಾಗಿ ಎರಡು ಬೇರು, ಮೂರು ನಾಳ. ಮೇಲಿನದಕ್ಕೆ ಮೂರು ಬೇರು, ಅನೇಕ ಸಲ ನಾಲ್ಕು ನಾಳ. ಈ ಬಾಗಿದ ದಾರಿಯಲ್ಲಿ ನೆಟ್ಟಗಿನ ಉಕ್ಕಿನ ಅರವನ್ನು ಇಳಿಸುವುದು ಹೇಗೆ? ದಂತವೈದ್ಯರು ಬಹುಕಾಲ ಹೆಣಗಿದ್ದು ಈ ಪ್ರಶ್ನೆಯ ಜೊತೆಗೇ.

1838ರಲ್ಲಿ ಅಮೆರಿಕದ ಎಡ್ವರ್ಡ್ ಮೇನಾರ್ಡ್ ಎಂಬವರು ಗಡಿಯಾರದ ಸ್ಪ್ರಿಂಗಿಗೆ ಕಚ್ಚು ಹಾಕಿ ಇಂಥ ಮೊದಲ ಉಪಕರಣ ಮಾಡಿಕೊಂಡರೆಂದು ದಂತವೈದ್ಯದ ಚರಿತ್ರೆ ಹೇಳುತ್ತದೆ. ಆಮೇಲೆ ಇಂಗಾಲದ ಉಕ್ಕು, ಅದಾದ ಮೇಲೆ ತುಕ್ಕು ಹಿಡಿಯದ ಉಕ್ಕು ಬಂದವು. ನೂಲಿಗೆ ಹುರಿ ಹಾಕುವ ಹಾಗೆ, ಚೌಕದ ಅಥವಾ ಮೂರು ಮೂಲೆಯ ಉಕ್ಕಿನ ತಂತಿಯನ್ನು ತಿರುಚಿ ಅರ ಮಾಡುತ್ತಿದ್ದರು. ಬೆರಳ ತುದಿಯಲ್ಲಿ ಹಿಡಿದು ಸ್ವಲ್ಪ ತಿರುಗಿಸಿ, ಎಳೆದು, ತೊಳೆದು, ಮತ್ತೆ ಇಳಿಸಬೇಕು. ಉಕ್ಕಿನ ಗುಣ ನೆಟ್ಟಗಾಗುವುದು. ಬಾಗಿದ ನಾಳದಲ್ಲಿ ದಪ್ಪ ಅರ ಇಳಿಸಿದರೆ ಅದು ಹೊರಗಿನ ಗೋಡೆಯನ್ನು ಕೆರೆದು ಮೆಟ್ಟಿಲು ಮಾಡುತ್ತದೆ. ಎಚ್ಚರ ತಪ್ಪಿದರೆ ಬೇರನ್ನೇ ತೂತು ಮಾಡುತ್ತದೆ. ಕೆಲವೊಮ್ಮೆ ಸಿಕ್ಕಿಕೊಂಡು ಮುರಿಯುತ್ತದೆ.

ನನ್ನ ಕೈಯಲ್ಲೂ ಮುರಿದಿದೆ. 1990ರ ದಶಕದ ಆರಂಭ, ನಾನು ಹೊಸದಾಗಿ ಕ್ಲಿನಿಕ್ಕು ಇಟ್ಟ ಕಾಲ. ಸಿರುಮುಗೈ ಕಡೆಯ ನೇಕಾರರ ಮನೆಯ ಒಬ್ಬ ಅಮ್ಮ ಕೆಳದವಡೆಯ ಹಲ್ಲಿಗೆ ಬಂದಿದ್ದರು. ಮೂರನೆಯ ಭೇಟಿಯ ದಿನ ಅರ ಹೊರಗೆ ಬಂದಾಗ ತುದಿಯ ಮೂರು ಮಿಲಿಮೀಟರು ಇರಲಿಲ್ಲ. ಅದು ನಾಳದ ತಿರುವಿನಲ್ಲಿ ಉಳಿದುಕೊಂಡಿತ್ತು. ನನಗೆ ಬೆವರಿತು. ಆ ದಿನ ನಾನು ಬಾಯಿ ಬಿಡಲಿಲ್ಲ. ಹತ್ತಿ ಇಟ್ಟು, ಮುಚ್ಚಿ, “ಮುಂದಿನ ವಾರ ಬನ್ನಿ” ಎಂದೆ. ವಾರವೆಲ್ಲ ನಿದ್ದೆಯಿಲ್ಲ. ಅವರು ಬಂದಾಗ ನಡೆದದ್ದನ್ನು ನಡೆದ ಹಾಗೇ ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, “ನೋಡಪ್ಪಾ, ಮಗ್ಗದಲ್ಲಿ ಎಳೆ ಕಡೀತದೆ. ಕಡಿದ್ರೆ ಗಂಟು ಹಾಕ್ತೀವಿ. ಕಡಿದೇ ಇಲ್ಲಾಂತ ಮುಚ್ಚಿಟ್ರೆ ಸೀರೇಲಿ ಕಾಣ್ತದೆ. ಆವತ್ತೇ ಹೇಳ್ಬೇಕಿತ್ತು ನೀನು” ಎಂದರು. ಅವರ ಮಾತಿನಲ್ಲಿ ಸಿಟ್ಟಿರಲಿಲ್ಲ. ಅದೇ ನನ್ನನ್ನು ಹೆಚ್ಚು ಚುಚ್ಚಿತು.

ಆ ಅಮ್ಮನ ಮಾತನ್ನು ನೆನಪಿನಲ್ಲಿಡಿ, ಕೊನೆಗೆ ಮತ್ತೆ ಅಲ್ಲಿಗೇ ಬರುತ್ತೇನೆ. ನಾನು ಹೀಗೆ ಉಕ್ಕಿನ ಜೊತೆ ಗುದ್ದಾಡುತ್ತಿದ್ದಾಗ ಅಮೆರಿಕದಲ್ಲಿ ಬೇರೊಂದು ಲೋಹ ಹಲ್ಲಿನ ಬಾಗಿಲಿಗೆ ಬಂದು ನಿಂತಿತ್ತು.

ಆ ಲೋಹ ಹುಟ್ಟಿದ್ದು ಹಲ್ಲಿಗಾಗಿ ಅಲ್ಲ. ಅಮೆರಿಕದ ನೌಕಾಪಡೆಯ ಶಸ್ತ್ರಾಸ್ತ್ರ ಪ್ರಯೋಗಾಲಯದಲ್ಲಿ ವಿಲಿಯಂ ಬ್ಯೂಲರ್ ಎಂಬ ಲೋಹತಜ್ಞರು ಕ್ಷಿಪಣಿಗಳ ಮೂತಿಗೆ ತಕ್ಕ ಲೋಹ ಹುಡುಕುತ್ತಿದ್ದರು. ನಿಕಲ್ ಮತ್ತು ಟೈಟೇನಿಯಂ ಬೆರೆಸಿದ ಒಂದು ಮಿಶ್ರಲೋಹ ಅವರ ಕಣ್ಣಿಗೆ ಬಿತ್ತು. 1961ರ ಒಂದು ಸಭೆಯಲ್ಲಿ ಅದರ ತೆಳು ಪಟ್ಟಿಯನ್ನು ಹಲವು ಮಡಿಕೆ ಮಾಡಿ ಕೈಯಿಂದ ಕೈಗೆ ದಾಟಿಸಿದರು. ಪೈಪು ಸೇದುವ ಒಬ್ಬ ಹಿರಿಯ ಅಧಿಕಾರಿ ತನ್ನ ಲೈಟರನ್ನು ಅದಕ್ಕೆ ಹಿಡಿದರು. ಮಡಿಕೆಗಳೆಲ್ಲ ಬಿಚ್ಚಿ ಪಟ್ಟಿ ನೆಟ್ಟಗಾಯಿತು! ಕಾಯಿಸಿದರೆ ಹಳೆಯ ಆಕಾರ ನೆನಪಿಸಿಕೊಳ್ಳುವ ಲೋಹ. ನಿಕಲ್, ಟೈಟೇನಿಯಂ, ಆ ಪ್ರಯೋಗಾಲಯ, ಈ ಮೂರರ ಮೊದಲಕ್ಷರಗಳನ್ನು ಸೇರಿಸಿ ‘ನೈಟಿನಾಲ್’ ಎಂದು ಹೆಸರಿಟ್ಟರು.

ಇದರ ಇನ್ನೊಂದು ಗುಣ ನಮಗೆ ಮುಖ್ಯ. ಉಕ್ಕಿನ ತಂತಿಯನ್ನು ನೂರಕ್ಕೆ ಒಂದು ಪಾಲಿಗಿಂತ ಹೆಚ್ಚು ಎಳೆದರೆ ಅದು ಹಾಗೆಯೇ ಉಳಿಯುತ್ತದೆ. ನೈಟಿನಾಲ್ ಸುಮಾರು ಎಂಟು ಪಾಲು ಹಿಗ್ಗಿದರೂ ಬಿಟ್ಟ ಕೂಡಲೇ ಹಿಂದಕ್ಕೆ ಬರುತ್ತದೆ. ಒತ್ತಡ ಬಿದ್ದಾಗ ಒಳಗಿನ ಪರಮಾಣುಗಳ ಸಾಲು ಬೇರೊಂದು ಜೋಡಣೆಗೆ ಹೊರಳಿ, ಒತ್ತಡ ತಪ್ಪಿದಾಗ ಮೊದಲಿನ ಜೋಡಣೆಗೆ ಮರಳುತ್ತದೆ. ಮಡಿಸಿದರೂ ಮುರಿಯದ ಕನ್ನಡಕದ ಫ್ರೇಮು ನೋಡಿದ್ದೀರಲ್ಲ, ಅದು ಈ ಜಾತಿಯದೇ.

1970ರ ದಶಕದಲ್ಲಿ ಜಾರ್ಜ್ ಆಂಡ್ರಿಯಾಸೆನ್ ಇದನ್ನು ವಕ್ರದಂತಕ್ಕೆ ಹಾಕುವ ತಂತಿಯಾಗಿ ಬಳಕೆಗೆ ತಂದರು. 1988ರಲ್ಲಿ ವಾಲಿಯಾ, ಬ್ರಾಂಟ್ಲಿ, ಗರ್ಸ್ಟೀನ್ ಎಂಬ ಮೂವರು ಅದೇ ತಂತಿಯಿಂದ ಬೇರುನಾಳದ ಅರ ಮಾಡಿ ಪರೀಕ್ಷಿಸಿದರು. ಉಕ್ಕಿನ ಅರಕ್ಕಿಂತ ಅದು ಎರಡು ಮೂರು ಪಟ್ಟು ಹೆಚ್ಚು ಬಳುಕುತ್ತದೆಂದು ಕಂಡಿತು. ಆದರೆ ಒಂದು ತೊಡಕಿತ್ತು. ಈ ತಂತಿಗೆ ಹುರಿ ಹಾಕಿದರೆ ಅದು ತಾನಾಗಿ ಬಿಚ್ಚಿಕೊಳ್ಳುತ್ತದೆ! ಆದ್ದರಿಂದ ತಿರುಚುವ ಬದಲು ತಂತಿಯನ್ನು ಸಾಣೆ ಹಿಡಿದು ಅರದ ಏಣುಗಳನ್ನು ಕಡೆಯಬೇಕಾಯಿತು. ಕಾಯಿಸಿ ಹದಮಾಡಿ ತಿರುಚುವ ವಿದ್ಯೆ ಕೈಗೆ ಸಿಕ್ಕಿದ್ದು 2008ರ ಹೊತ್ತಿಗೆ.

ಬಾಗಿದ ದಾರಿಯಲ್ಲಿ ಬಾಗುವ ಅರ ಸಿಕ್ಕಿತೆಂದ ಮೇಲೆ ಕೈಯಿಂದಲೇ ಏಕೆ ತಿರುಗಿಸಬೇಕು? 1992ರಲ್ಲಿ ಜಾನ್ ಮೆಕ್‌ಸ್ಪ್ಯಾಡನ್ ಯಂತ್ರದಿಂದ ತಿರುಗುವ ನಿಕಲ್-ಟೈಟೇನಿಯಂ ಅರವನ್ನು ತಂದರು. ಹಳೆಯ ಅರಗಳು ತುದಿಯಿಂದ ಮೇಲಕ್ಕೆ ಒಂದು ಮಿಲಿಮೀಟರಿಗೆ 0.02 ಮಿಲಿಮೀಟರಿನಂತೆ ದಪ್ಪವಾಗುತ್ತಿದ್ದವು. ಬೆನ್ ಜಾನ್ಸನ್ ಅವರ ಪ್ರೊಫೈಲ್ ಅರಗಳಲ್ಲಿ ಅದು 0.04, 0.06 ಆಯಿತು. ನಾಳ ಆಲಿಕೆಯ ಆಕಾರಕ್ಕೆ ಬಂದು, ತೊಳೆಯುವ ದ್ರವ ಆಳಕ್ಕೆ ಇಳಿಯಲು ದಾರಿಯಾಯಿತು. 2001ರಲ್ಲಿ ಬಂದ ಪ್ರೊಟೇಪರ್‌ನಲ್ಲಿ ಒಂದೇ ಅರದ ಉದ್ದಕ್ಕೂ ಈ ಇಳಿಜಾರು ಬದಲಾಗುತ್ತಾ ಹೋಗುತ್ತದೆ.

ಯಂತ್ರವೆಂದರೆ ಹಲ್ಲು ಕೊರೆಯುವಾಗ ಕಿರ್‍ರೆಂದು ಕೂಗುವ ಯಂತ್ರವಲ್ಲ. ಅದು ನಿಮಿಷಕ್ಕೆ ಮೂರು ನಾಲ್ಕು ಲಕ್ಷ ಸುತ್ತು ತಿರುಗುತ್ತದೆ. ಈ ಅರಗಳನ್ನು ಹೆಚ್ಚಾಗಿ ಓಡಿಸುವುದು ಬರೀ 250ರಿಂದ 350 ಸುತ್ತಿನಲ್ಲಿ. ಕೊಯಮತ್ತೂರಿನವರಿಗೆ ಗ್ರೈಂಡರಿನ ಮೋಟರಿನ ವಿಷಯ ಹೇಳಿಕೊಡಬೇಕಾಗಿಲ್ಲ. ಹಿಟ್ಟು ಗಟ್ಟಿಯಾಗಿ ಕಲ್ಲು ಬಿಗಿದರೆ ಬೆಲ್ಟು ಜಾರುತ್ತದೆ, ಮೋಟರು ಉಳಿಯುತ್ತದೆ. ಹಾಗೆಯೇ ಈ ಚಿಕ್ಕ ಮೋಟರಿನಲ್ಲೂ ಅರ ಬಿಗಿಯಾದರೆ ತಾನೇ ನಿಂತು ಹಿಂದಕ್ಕೆ ತಿರುಗುವ ಏರ್ಪಾಡು ಇದೆ.

ಹಾಗಾದರೆ ಇದು ಮುರಿಯುವುದೇ ಇಲ್ಲವೇ? ಮುರಿಯುತ್ತದೆ. ಒಂದು ಕಬ್ಬಿಣದ ತಂತಿಯನ್ನು ಅತ್ತ ಇತ್ತ ಬಾಗಿಸಿ ನೋಡಿ, ಒಂದು ಹಂತದಲ್ಲಿ ಪಟ್ಟನೆ ತುಂಡಾಗುತ್ತದೆ. ಬಾಗಿದ ನಾಳದಲ್ಲಿ ತಿರುಗುವ ಅರ ಸುತ್ತಿಗೊಂದು ಸಲ ಹಾಗೆ ಬಾಗುತ್ತದೆ, ಎಂದರೆ ನಿಮಿಷಕ್ಕೆ ಮುನ್ನೂರು ಸಲ. ಅದರ ಆಯುಷ್ಯ ಎಣಿಕೆಯದು. ಉಕ್ಕಿನ ಅರ ಮುರಿಯುವ ಮುನ್ನ ಅನೇಕ ವೇಳೆ ಹುರಿ ಬಿಚ್ಚಿಕೊಂಡು ಸೂಚನೆ ಕೊಡುತ್ತಿತ್ತು. ಮೊದಲ ತಲೆಮಾರಿನ ನಿಕಲ್-ಟೈಟೇನಿಯಂ ಅರ ಹೊಸದರ ಹಾಗೇ ಕಾಣುತ್ತಿದ್ದು ಮರುಕ್ಷಣ ಮುರಿಯುತ್ತಿತ್ತು.

ಮುಂದಿನ ಸುಧಾರಣೆಗಳೆಲ್ಲ ಹೆಚ್ಚಾಗಿ ಈ ಭಯವನ್ನು ಕಡಿಮೆ ಮಾಡುವುದಕ್ಕೇ. 2007ರಿಂದ ತಂತಿಯನ್ನು ಶಾಖದಲ್ಲಿ ಹದಮಾಡಿ ಇನ್ನಷ್ಟು ಮೆತ್ತಗಾಗಿಸಿದರು. ಬಾಗಿಸಿದರೆ ಬಾಗಿದ ಹಾಗೇ ಇದ್ದು, ಬಿಸಿಗೆ ಮತ್ತೆ ನೆಟ್ಟಗಾಗುವ ಅರಗಳೂ ಬಂದವು. 2008ರಲ್ಲಿ ಘಸ್ಸಾನ್ ಯಾರೆಡ್ ಎಂಬವರು ಒಂದೇ ಅರವನ್ನು ಮುಂದಕ್ಕೂ ಹಿಂದಕ್ಕೂ ತಿರುಗಿಸುವ ಕ್ರಮವನ್ನು ಬರೆದು ಪ್ರಕಟಿಸಿದರು. 2011ರಲ್ಲಿ ಅದಕ್ಕೆಂದೇ ಮಾಡಿದ ಅರಗಳು ಮಾರುಕಟ್ಟೆಗೆ ಬಂದವು. ಕೊರೆಯುವ ಕಡೆಗೆ ಹೆಚ್ಚು, ಬಿಡಿಸುವ ಕಡೆಗೆ ಕಡಿಮೆ. ಸಿಕ್ಕಿಕೊಳ್ಳುವ ಮೊದಲೇ ಹಿಂದಕ್ಕೆ ಸರಿಯುವುದರಿಂದ ಮುರಿಯುವ ಸಂಭವ ತಗ್ಗಿತು.

ಇಷ್ಟೆಲ್ಲ ಆದರೂ ಅರವೇ ಎಲ್ಲವನ್ನೂ ಮಾಡುವುದಿಲ್ಲ. ನಾಳದ ಕೊಯ್ತ ಎಲ್ಲ ಕಡೆ ಗುಂಡಗಿರುವುದಿಲ್ಲ, ತಿರುಗುವ ಅರ ಗುಂಡಗೇ ಕೊರೆಯುತ್ತದೆ. 2001ರಲ್ಲಿ ಪೀಟರ್ಸ್ ಮತ್ತು ಸಂಗಡಿಗರು ಸೂಕ್ಷ್ಮ ಕ್ಷ-ಕಿರಣದಿಂದ ಅಳೆದಾಗ, ಯಾವ ಅರ ಬಳಸಿದರೂ ನಾಳದ ಗೋಡೆಯಲ್ಲಿ ನೂರಕ್ಕೆ 35 ಪಾಲು ಅಥವಾ ಅದಕ್ಕೂ ಹೆಚ್ಚು ಮುಟ್ಟದೆ ಉಳಿದಿತ್ತು. ಅಲ್ಲಿಗೆ ತಲುಪುವುದು ತೊಳೆಯುವ ದ್ರವ ಮಾತ್ರ. ಸೋಡಿಯಂ ಹೈಪೋಕ್ಲೋರೈಟ್ ಎಂಬ ಅದು ಬಟ್ಟೆ ಬಿಳುಪು ಮಾಡುವ ದ್ರಾವಣದ ಕುಲದ್ದೇ. ಹಾಗೆಂದು ಮನೆಯ ಬ್ಲೀಚನ್ನು ಯಾರೂ ಬಾಯಿಗೆ ಹಾಕಬೇಡಿ. ಗಂಟಲಿಗೆ ಜಾರದಂತೆ ಹಲ್ಲಿನ ಸುತ್ತ ರಬ್ಬರ್ ಹಾಳೆ ಕಟ್ಟಿಕೊಂಡು, ಹದ ನೋಡಿ ವೈದ್ಯರು ಬಳಸಬೇಕಾದ ವಸ್ತು ಅದು. ಆ ಹಾಳೆಯ ಪದ್ಧತಿ 1864ರಷ್ಟು ಹಳೆಯದು.

ಇದನ್ನೆಲ್ಲ ನಿಮಗೆ ಹೇಳುವುದೇಕೆ? ನೀವೇನು ಅರ ಹಿಡಿಯುವವರಲ್ಲವಲ್ಲ! ಆದರೆ ಹಲ್ಲು ನಿಮ್ಮದು, ದುಡ್ಡು ನಿಮ್ಮದು. “ಮೆಷಿನ್‌ನಲ್ಲಿ ಮಾಡ್ತೀವಿ” ಎಂದರೆ ಅಷ್ಟಕ್ಕೇ ತಲೆಯಾಡಿಸಬೇಡಿ. ಎಷ್ಟು ನಾಳ ಇವೆ, ಅರ ಹೊಸದೋ, ಎಷ್ಟು ಸಲ ಬಳಸಿದ್ದು, ರಬ್ಬರ್ ಹಾಳೆ ಕಟ್ಟುತ್ತೀರಾ ಎಂದು ಮರ್ಯಾದೆಯಿಂದಲೇ ಕೇಳಿ. ಮುಗಿದ ಮೇಲೆ ಎಕ್ಸ್‌ರೇ ತೋರಿಸಲು ಹೇಳಿ. ದವಡೆ ಹಲ್ಲಾದರೆ ಮೇಲೆ ಟೊಪ್ಪಿಗೆ ಹಾಕಿಸುವುದನ್ನು ಮುಂದೂಡಬೇಡಿ. ಖರ್ಚು ಹೊರೆಯೆನಿಸಿದರೆ ದಂತ ವೈದ್ಯ ಕಾಲೇಜಿನ ಆಸ್ಪತ್ರೆಗೆ ಹೋಗಿ ವಿಚಾರಿಸಿ. ಎಲ್ಲಕ್ಕಿಂತ ಮೊದಲು, ಕೆನ್ನೆ ಊದುವವರೆಗೆ ಕಾಯಬೇಡಿ.

ಕೊನೆಯದಾಗಿ ಒಂದು ಮಾತು. ತಿರುಪ್ಪೂರಿನ ಬನಿಯನ್ ಕಂಪೆನಿಗೆ ಕೆಲಸಕ್ಕೆ ಹೋಗುವ ಮಕ್ಕಳು ನಿಮ್ಮ ಮನೆಯಲ್ಲೂ ಇರಬಹುದು, ಕೇಳಿ ನೋಡಿ. ರಫ್ತಿನ ಬಟ್ಟೆ ಹೊಲಿಯುವ ಕಡೆ ಸೂಜಿ ಮುರಿದರೆ ತುಂಡುಗಳನ್ನೆಲ್ಲ ಹುಡುಕಿ, ಕಾಗದಕ್ಕೆ ಅಂಟಿಸಿ, ಪುಸ್ತಕದಲ್ಲಿ ಬರೆದ ಮೇಲೆಯೇ ಹೊಸ ಸೂಜಿ ಕೊಡುತ್ತಾರೆ. ಯಾವುದೋ ದೇಶದ ಮಗುವಿನ ಮೈಗೆ ಸೂಜಿಯ ಚೂರು ತಾಗಬಾರದೆಂದು ಇಷ್ಟು ಕಟ್ಟುನಿಟ್ಟು. ಹಲ್ಲಿನೊಳಗೆ ಮುರಿದ ಅರಕ್ಕೂ ಅದೇ ನ್ಯಾಯ ಬೇಡವೇ? ಅರ ಮುರಿಯುವುದು ಯಾವಾಗಲೂ ತಪ್ಪಲ್ಲ. ಒಳಗೆ ಸೋಂಕು ಉಳಿದಿರದಿದ್ದರೆ ತುಂಡು ಇದ್ದೂ ಎಷ್ಟೋ ಹಲ್ಲು ಬಾಳುತ್ತವೆ. ಮುಚ್ಚಿಡುವುದು ಮಾತ್ರ ತಪ್ಪು. ಹೇಳಿದರೆ ಮುಂದೆ ನೋವು ಬಂದಾಗ ಇನ್ನೊಬ್ಬ ವೈದ್ಯರಿಗೂ ದಾರಿ ಗೊತ್ತಿರುತ್ತದೆ.

ಸಿರುಮುಗೈಯ ಅಮ್ಮನ ಆ ಹಲ್ಲು ಒಂಬತ್ತು ವರ್ಷ ಬಾಳಿತು. ಆಮೇಲೆ ಬೇರಿನ ತುದಿಯಲ್ಲಿ ಕೀವಾಗಿ ಕೀಳಬೇಕಾಯಿತು. ಮತ್ತೆ ಕೆಲವು ವರ್ಷ ಕಳೆದು ಇನ್ನೊಂದು ಬದಿಯ ಹಲ್ಲು ನೋಯತೊಡಗಿದಾಗ ಅವರು ನನ್ನ ಹತ್ತಿರವೇ ಬಂದರು. ಅಷ್ಟರಲ್ಲಿ ನನ್ನಲ್ಲಿ ತಿರುಗುವ ಅರ ಬಂದಿತ್ತು. ಪೊಟ್ಟಣ ಒಡೆದು, ಹೊಸ ಅರವನ್ನು ಬೆರಳಿನಲ್ಲಿ ಬಳುಕಿಸಿ ಅವರಿಗೆ ತೋರಿಸಿದೆ. “ಇದೂ ಮುರೀತದಾ?” ಎಂದು ಕೇಳಿದರು.

“ಮುರೀಬಹುದಮ್ಮ. ಮುರಿದ್ರೆ ಈವತ್ತೇ ಹೇಳ್ತೀನಿ” ಎಂದೆ.

ಅವರು ಬಾಯಿ ತೆರೆದರು.