ಬೂದಿದಿಬ್ಬ ಬಿಟ್ಟುಕೊಟ್ಟ ದೊಡ್ಡಿ

ಸಂಕ್ರಾಂತಿಯ ಸಂಜೆ ಮೈಸೂರಿನ ಅಂಚಿನ ಸಿದ್ದಲಿಂಗಪುರದಲ್ಲಿ ದನಗಳಿಗೆ ಕಿಚ್ಚು ಹಾಯಿಸುವುದನ್ನು ಇಲ್ಲಿ ಸೇರಿರುವ ಹಲವರು ಕಂಡಿರಬಹುದು. ಮೈ ತೊಳೆದು, ಕೊಂಬಿಗೆ ಬಣ್ಣ ಬಳಿದು ಸಿಂಗರಿಸಿದ ದನಗಳು ಉರಿಯುವ ಹುಲ್ಲನ್ನು ಹಾರಿ ಓಡುತ್ತವೆ. ದನ ಮತ್ತು ಬೆಂಕಿಯ ಈ ನಂಟು ನಮ್ಮ ನಾಡಿನಲ್ಲಿ ಎಷ್ಟು ಹಳೆಯದು? ಇದನ್ನು ಕೇಳಬೇಕಾದುದು ಬಳ್ಳಾರಿ, ರಾಯಚೂರು ಸೀಮೆಯ ಬೂದಿದಿಬ್ಬಗಳನ್ನು.

ಬಳ್ಳಾರಿ ಬಳಿಯ ಕುಡತಿನಿಯ ಬೂದಿ ಭೀಮ ಕೊಂದ ಹಿಡಿಂಬಾಸುರನದು ಎನ್ನುತ್ತದೆ ಜನರ ನಂಬಿಕೆ. ಹಂಪಿ ಬಳಿಯ ನಿಂಬಾಪುರದ ದಿಬ್ಬ ವಾಲಿಯ ಚಿತೆಯ ಬೂದಿಯಂತೆ. ಹತ್ತೊಂಬತ್ತನೆಯ ಶತಮಾನದ ವಿದ್ವಾಂಸರೂ ಇದರ ಮೂಲ ತಿಳಿಯದೆ ತಲೆ ಕೆಡಿಸಿಕೊಂಡರು. ಇದು ದನದೊಡ್ಡಿಗಳಲ್ಲಿ ಕೂಡಿಬಿದ್ದು ಸುಟ್ಟ ಸಗಣಿ ಎಂದು ವಾದಿಸಿದವರು ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್. 1960ರಲ್ಲಿ ಪ್ರಕಟವಾದ ಝಾಯ್ನರ್ ಅವರ ಪರೀಕ್ಷೆ ಅದನ್ನೇ ಸಮರ್ಥಿಸಿತು.

ಸಗಣಿ ಸರಿ, ದೊಡ್ಡಿ ಎಲ್ಲಿ? 1957ರಲ್ಲಿ ರೇಮಂಡ್ ಆಲ್ಚಿನ್ ರಾಯಚೂರಿಗೆ ನೆರೆಯ ಮಹಬೂಬ್‌ನಗರ ಸೀಮೆಯ, ಈಗ ತೆಲಂಗಾಣಕ್ಕೆ ಸೇರಿದ ಉಟ್ನೂರಿನಲ್ಲಿ ಅಗೆದಾಗ ಅದೂ ಸಿಕ್ಕಿತು. ಬೂದಿಯ ಪದರಗಳ ಅಡಿಯಲ್ಲಿ ಕಂಬ ನೆಟ್ಟ ಕುಳಿಗಳು ಬೇಲಿಯ ಜಾಡನ್ನು ತೋರಿದವು. ಬೇಲಿ ಸುಟ್ಟ ಮೇಲೆ ಅಲ್ಲಿಯೇ ಮತ್ತೆ ಕಟ್ಟಿದ ಗುರುತುಗಳಿದ್ದವು. ಬೂದಿಯ ಮೇಲೆ ದನಗಳ ಗೊರಸಿನ ಅಚ್ಚುಗಳೂ ಉಳಿದಿದ್ದವು. ಇಂಗಾಲ ಪರೀಕ್ಷೆ ಈ ದೊಡ್ಡಿಯನ್ನು ಕ್ರಿಸ್ತಪೂರ್ವ 3ನೆಯ ಸಹಸ್ರಮಾನಕ್ಕೆ ಒಯ್ದಿತು.

ಮರ ಕೊಳೆಯುತ್ತದೆ ಇಲ್ಲವೇ ಸುಡುತ್ತದೆ. ಆದರೆ ಕಂಬ ನೆಡಲು ತೋಡಿದ ಕುಳಿ ಒಮ್ಮೆ ಕದಡಿದ ಮಣ್ಣು. ಮುಂದೆ ಅದರಲ್ಲಿ ತುಂಬಿಕೊಳ್ಳುವ ಮಣ್ಣಿನ ಬಣ್ಣ ಬೇರೆ, ಬಿಗಿ ಬೇರೆ. ಕರಣೆಯಿಂದ ಮೆಲ್ಲನೆ ಕೆರೆದಾಗ ಅದು ದುಂಡನೆಯ ಕಲೆಯಾಗಿ ಕಾಣುತ್ತದೆ. ಗುದ್ದಲಿಯ ಒಂದೇ ಏಟಿಗೆ ಆ ಸಾಕ್ಷ್ಯ ಮಾಯವಾಗುತ್ತದೆ.

ಇಂಗ್ಲೆಂಡಿನ ಸ್ಟೋನ್‌ಹೆಂಜ್ ಎಲ್ಲರಿಗೂ ಗೊತ್ತು. ಅದರ ಸಮೀಪದಲ್ಲೇ ಮರದ ವರ್ತುಲವೊಂದಿತ್ತು ಎಂಬುದು 1925ರವರೆಗೆ ತಿಳಿದಿರಲಿಲ್ಲ. ವಿಮಾನದಿಂದ ತೆಗೆದ ಚಿತ್ರ ಹೊಲದಲ್ಲಿದ್ದ ಸುತ್ತನ್ನು ತೋರಿಸಿತು. ಮಾಡ್ ಕನಿಂಗ್‌ಟನ್ ಅಲ್ಲಿ ಅಗೆದಾಗ ಆರು ಸುತ್ತು ಕಂಬಗುಳಿಗಳು, ಅವನ್ನು ಬಳಸಿದ ಕಂದಕ ಮತ್ತು ಮಣ್ಣಿನ ಏರಿ ಕಂಡವು. ಅದೇ ವುಡ್‌ಹೆಂಜ್. ಅದನ್ನು ವಿಧಿ ಆಚರಣೆಗಳ ತಾಣವೆನ್ನುತ್ತಾರೆ. ಉಟ್ನೂರಿನದು ದನಗಳ ನೆಲೆ. ಉದ್ದೇಶ ಬೇರೆಯಾದರೂ ಎರಡನ್ನೂ ಓದುವ ಲಿಪಿ ಒಂದೇ: ಬರಿದಾದ ಕುಳಿ.

ಬೆಲೆಯುಳ್ಳ ಗೊಬ್ಬರವನ್ನು ಸುಟ್ಟದ್ದೇಕೆ? ದನಗಳನ್ನು ಬೆಂಕಿಯ ಮೂಲಕ ಹಾಯಿಸುವ ಇಂದಿನ ಹಬ್ಬಗಳತ್ತ ಆಲ್ಚಿನ್ ಬೆರಳು ತೋರಿದರು. ಸೊಗಸಾದ ಊಹೆ, ಆದರೆ ನಡುವಿನ ನಾಲ್ಕು ಸಾವಿರ ವರ್ಷಗಳ ಕೊಂಡಿ ಕೈಗೆ ಸಿಕ್ಕಿಲ್ಲ. ಸಿದ್ದಲಿಂಗಪುರದ ಕಿಚ್ಚು ಉಟ್ನೂರಿನ ಬೆಂಕಿಯೇ ಎನ್ನುವುದು ಅವಸರವಾದೀತು. ಬೂದಿದಿಬ್ಬಗಳ ಜನರು ಬರಿಯ ಅಲೆಮಾರಿ ಗೋಪಾಲಕರೇ ಎಂಬ ಪ್ರಶ್ನೆಯೂ ಮುಂದೆ ಬಂತು. ಸುರಪುರ ಬಳಿಯ ಬೂದಿಹಾಳದಲ್ಲಿ ಪುಣೆಯ ಡೆಕ್ಕನ್ ಕಾಲೇಜಿನ ಕೆ. ಪದ್ದಯ್ಯ ಅಗೆದಾಗ ದೊಡ್ಡಿಯ ಪಕ್ಕದಲ್ಲೇ ಮನೆಗಳ ಕುರುಹು, ದನ ಕೊಯ್ಯುವ ನೆಲ, ಮಕ್ಕಳ ಸಮಾಧಿಗಳು ದೊರೆತವು. ಅದು ಸಂಸಾರವಂದಿಗರ ಊರು.

ಇಂಥ ದಿಬ್ಬಗಳಲ್ಲಿ ಎಷ್ಟೋ ಬೂದಿ ಗೊಬ್ಬರವಾಗಿ ಹೊಲ ಸೇರಿದೆ. ರೈತನನ್ನು ದೂರಿ ಫಲವಿಲ್ಲ. ಅದು ಬೂದಿಯಲ್ಲ, ಪುಸ್ತಕ ಎಂದು ಅವನಿಗೆ ಹೇಳಿದವರು ಎಷ್ಟು ಮಂದಿ? ಗುಡಿ ಬಿದ್ದರೆ ಕಲ್ಲಾದರೂ ಉಳಿಯುತ್ತದೆ, ಮತ್ತೆ ನಿಲ್ಲಿಸಬಹುದು. ಕಂಬದ ಕುಳಿಯನ್ನು ಒಮ್ಮೆ ಅಗೆದು ಹಾಕಿದರೆ ಮತ್ತೆ ನಿಲ್ಲಿಸುವುದಕ್ಕೆ ಏನೂ ಇರುವುದಿಲ್ಲ. ಹಿಡಿಂಬನ ಕಥೆ ಹೇಳುತ್ತಾ ದಿಬ್ಬವನ್ನು ಮುಟ್ಟದೆ ಬಿಟ್ಟ ಊರುಗಳು, ತಿಳಿದೋ ತಿಳಿಯದೆಯೋ, ಆ ಪುಸ್ತಕವನ್ನು ಕಾಪಾಡಿವೆ.