ನೀರಿಗೆ ಚೆಲ್ಲುವ ಚರಗ

ಹೊಸಪೇಟೆಯಿಂದ ಕೊಪ್ಪಳದ ಕಡೆಗೆ ರೈಲಿನಲ್ಲಿ ಹೊರಟವರು ತುಂಗಭದ್ರೆಯನ್ನು ದಾಟಿದೊಡನೆ ಮುನಿರಾಬಾದನ್ನು ಕಾಣುತ್ತಾರೆ. ನೋಡಬಂದವರಿಗೆ ಇಲ್ಲಿ ಅಣೆಕಟ್ಟು ಉಂಟು, ಅದರ 33 ಬಾಗಿಲುಗಳುಂಟು, ಕೆಳಗೆ ತೋಟವುಂಟು. ಬಂದವರು ಹೆಚ್ಚಾಗಿ ನೋಡುವುದು ನೀರು ಧುಮುಕುವ ದಿಕ್ಕನ್ನೇ. ನಾನು ಈಗ ಮಾತನಾಡಬೇಕೆಂದಿರುವುದು ನೀರು ನಿಂತಿರುವ ದಿಕ್ಕಿನ ವಿಷಯ; ಆ ದಂಡೆಯ ಮೇಲಿರುವ ಒಂದು ಮನೆಯ ವಿಷಯ.

ಅಣೆಕಟ್ಟಿಗೆ ಅಡಿಗಲ್ಲು ಬಿದ್ದದ್ದು 1945ರ ಫೆಬ್ರವರಿ 28ರಂದು. ಆಗ ನದಿಯ ಎಡದಂಡೆ ಹೈದರಾಬಾದ್ ನಿಜಾಮರದು, ಬಲದಂಡೆ ಮದರಾಸು ಸರಕಾರದ್ದು. ಈಚೆ ಹಾಲಿ ಸಿಕ್ಕಾ ನಡೆದರೆ ಆಚೆ ಕಲ್ದಾರ್ ರೂಪಾಯಿ. ಎರಡು ರಾಜ್ಯಗಳು ಎರಡು ಕಡೆಯಿಂದ ಕಟ್ಟುತ್ತ ಬಂದ ಗೋಡೆ ನಡುವೆ ಕೂಡಿಕೊಂಡಿತು. ಕಲ್ಲು ಮತ್ತು ಸುರ್ಕಿ ಗಾರೆಯ ಆ ಗೋಡೆಯ ಹಿಂದೆ ನಿಂತ ನೀರು 1953ರಲ್ಲಿ ಕಾಲುವೆಗಳಿಗೆ ಹರಿಯಿತು. ಅಷ್ಟರಲ್ಲಿ ಸುಮಾರು 90 ಹಳ್ಳಿಗಳು ಮುಳುಗಿದ್ದವು. 50 ಸಾವಿರಕ್ಕೂ ಹೆಚ್ಚು ಜನ ಮನೆಮಠ ಬಿಟ್ಟು ಮೇಲಿನ ನೆಲಕ್ಕೆ ಸರಿದಿದ್ದರು.

ನನ್ನ ತಂದೆ ಈ ಗೋಡೆಗೆ ಕಲ್ಲು ಕೂಡಿಸಲು ಬಂದವರು. ನನ್ನ ಗೆಳೆಯನ ತಂದೆ ಈ ಗೋಡೆಯಿಂದಾಗಿ ಊರು ಕಳೆದುಕೊಂಡವರು. ಇಬ್ಬರ ಮಕ್ಕಳೂ ಮುನಿರಾಬಾದಿನ ಶಾಲೆಯಲ್ಲಿ ಒಂದೇ ಚಾಪೆಯ ಮೇಲೆ ಕುಳಿತೆವು. ಮಕ್ಕಳ ಸ್ನೇಹ ದೊಡ್ಡವರನ್ನು ಎದುರುಬದುರು ತಂದು ನಿಲ್ಲಿಸಿದಾಗ ನನ್ನ ತಂದೆ ಮಾತು ತೋಚದೆ ನಿಂತರಂತೆ. ಗೆಳೆಯನ ತಂದೆಯೇ ನಕ್ಕು, "ನೀವು ಕಲ್ಲು ಇಟ್ರಿ, ನಾವು ನೆಲ ಕೊಟ್ಟೀವಿ. ಇಬ್ಬರದೂ ಕೂಡೇ ಡ್ಯಾಮ್ ಆತು, ಬರ್ರಿ ಒಳಗ" ಎಂದರಂತೆ. ಅಂದಿನಿಂದ ಎರಡು ಮನೆಗಳ ನಡುವೆ ಬಳಕೆ ಬೆಳೆಯಿತು.

ಆ ಕುಟುಂಬಕ್ಕೆ ನೀರು ಮುಟ್ಟದ ದಿಬ್ಬದ ಮೇಲೆ ತುಂಡು ಹೊಲವೊಂದು ಉಳಿಯಿತು. ಅಲ್ಲಿಯೇ ಒಂದು ಮಾಳಿಗೆ ಮನೆ ಕಟ್ಟಿ, ಮುಂದೆ ಬೇವಿನ ಸಸಿ ನೆಟ್ಟರು. ಈಗ ಆ ಮನೆಯಲ್ಲಿ ವರ್ಷವಿಡೀ ಇರುವವರು ಯಾರೂ ಇಲ್ಲ. ಮಕ್ಕಳು ಮೊಮ್ಮಕ್ಕಳು ಕೊಪ್ಪಳದಲ್ಲಿ, ಹುಬ್ಬಳ್ಳಿಯಲ್ಲಿ, ಬೆಂಗಳೂರಿನಲ್ಲಿ ಚದರಿಹೋಗಿದ್ದಾರೆ. ಆದರೆ ಎಳ್ಳಮಾಸಿಗೆ ಎಲ್ಲರೂ ಅಲ್ಲಿ ಕೂಡಲೇಬೇಕು. ಜೊತೆಗೆ ನಮ್ಮ ಮನೆಯವರೂ ಇರಬೇಕು.

ಮನೆಯ ಬಾಗಿಲವರೆಗೂ ಈಗ ರಸ್ತೆಯುಂಟು. ಆದರೂ ಎಳ್ಳಮಾಸಿಯ ದಿನ ನಾವು ಹೋಗುವುದು ನೀರಿನ ಮೇಲೆಯೇ. ಗೆಳೆಯ ಹಿನ್ನೀರಿನ ಒಂದು ಮೂಲೆಗೆ ಮೀನುಗಾರನೊಬ್ಬನ ಹರಿಗೋಲನ್ನು ತರಿಸಿ ನಿಂತಿರುತ್ತಾನೆ. ನಮ್ಮ ಆಡುಮಾತಿನಲ್ಲಿ ಇದಕ್ಕೆ ತೆಪ್ಪವೆಂದೇ ಹೆಸರು. ಬಿದಿರಿನ ದಬ್ಬೆಗಳಿಂದ ಹೆಣೆದ ದುಂಡು ಬುಟ್ಟಿ ಇದು. ಸುಮಾರು 1520ರಲ್ಲಿ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್, ಇಲ್ಲಿಯ ಜನ ಬುಟ್ಟಿಯಂಥ ದುಂಡು ದೋಣಿಗಳಲ್ಲಿ ಹೊಳೆ ದಾಟುವುದನ್ನು ಕಂಡು ಬರೆದಿಟ್ಟಿದ್ದಾನೆ. ಅಂದು ಹೊರಗೆ ಚರ್ಮದ ಹೊದಿಕೆ. ಇಂದು ಪ್ಲಾಸ್ಟಿಕ್ ಹಾಳೆ ಮತ್ತು ಡಾಂಬರು. ಹಿಂದು ಮುಂದು ಎಂಬುದಿಲ್ಲದ ಈ ದೋಣಿಯನ್ನು ಒಂದೇ ಹುಟ್ಟಿನಿಂದ ನೇರ ನಡೆಸುವುದು ಕಲಿತ ಕೈಗೆ ಮಾತ್ರ ಸಾಧ್ಯ.

ನೀರಿನ ದಾರಿ ಏಕೆಂದು ಹೇಳಬೇಕು. ಎಳ್ಳಮಾಸಿಯ ದಿನ ನಮ್ಮ ಕಡೆಯ ಒಕ್ಕಲಿಗ ಮೊದಲು ಉಣ್ಣುವುದಿಲ್ಲ. ಸಜ್ಜೆರೊಟ್ಟಿ, ಪುಂಡಿಪಲ್ಯ, ಎಣ್ಣೆಗಾಯಿ, ಕಡುಬು, ಹೋಳಿಗೆಗಳನ್ನು ಬುಟ್ಟಿಯಲ್ಲಿ ಹೊತ್ತು ಹೊಲಕ್ಕೆ ಒಯ್ದು, ಬೆಳೆದು ನಿಂತ ಜೋಳದ ನಡುವೆ ಭೂತಾಯಿಗೆ ಚರಗ ಚೆಲ್ಲಿ, ಆಮೇಲೆ ಊಟಕ್ಕೆ ಕೂಡುತ್ತಾನೆ. ಈ ಮನೆಯವರ ಎರೆಹೊಲ ಇರುವುದು ನೀರಿನ ತಳದಲ್ಲಿ. ಬೇವಿನ ಮರವೂ ಅದರ ಹಿಂದಿನ ಗುಡ್ಡದ ತುದಿಯೂ ಒಂದೇ ಗೆರೆಗೆ ಬಂದ ಕಡೆ ಗೆಳೆಯ ಕೈಯೆತ್ತುತ್ತಾನೆ, ಹುಟ್ಟು ನಿಲ್ಲುತ್ತದೆ. ಅಲ್ಲಿ ಮೊದಲ ಚರಗ ನೀರಿಗೆ. ದಿಬ್ಬದ ಹೊಲಕ್ಕೆ ಎರಡನೆಯದು.

ಬಹಳ ವರ್ಷಗಳ ಹಿಂದೆ, ಹರೆಯದ ಗರ್ವದಲ್ಲಿ, ನೀರಿಗೆ ಅನ್ನ ಚೆಲ್ಲಿದರೆ ಮೀನಿಗೆ ಹಬ್ಬವೇ ಹೊರತು ಭೂಮಿಗೆ ಏನು ಎಂದು ನಾನು ಕೇಳಿದ್ದುಂಟು. ಗೆಳೆಯನ ತಾಯಿ ಸಿಟ್ಟಾಗಲಿಲ್ಲ. "ತಮ್ಮಾ, ನೀರಾಗ ಐತಿ ಅಂದ್ರ ಸತ್ತೈತೇನು ಭೂಮಿ? ನಮ್ಮನ್ನ ಉಣಿಸಿದ್ದು ಅದು" ಎಂದರು. ಆ ತಾಯಿ ಈಗಿಲ್ಲ.

ಆ ಭೂಮಿಯ ಮೇಲೆ ಈಗ ನೀರಷ್ಟೇ ಇಲ್ಲ. ಆರಂಭದಲ್ಲಿ 133 ಟಿಎಂಸಿ ನೀರು ಹಿಡಿಯುತ್ತಿದ್ದ ಜಲಾಶಯ ಹೂಳು ತುಂಬಿ ಸುಮಾರು 105 ಟಿಎಂಸಿಗೆ ಇಳಿಯಿತು. "ನಮ್ಮ ಹೊಲಾನ ಎರಡು ಸಲ ಹೂಳ್ಯಾರ" ಎಂದು ಗೆಳೆಯ ನಗುತ್ತಾನೆ. ಮೊದಲು ನೀರಿನಲ್ಲಿ, ಬಳಿಕ ಮಣ್ಣಿನಲ್ಲಿ.

2024ರ ಆಗಸ್ಟ್ 10ರ ರಾತ್ರಿ 19ನೆಯ ಬಾಗಿಲಿನ ಸರಪಳಿ ಕಡಿದು, ಬಾಗಿಲು ಕೊಚ್ಚಿಕೊಂಡು ಹೋಯಿತು. ತುಂಬಿದ ಕೆರೆ ತೆರೆದ ಕಿಂಡಿಯಿಂದ ಹರಿದುಹೋಗತೊಡಗಿತು. ಸುಮಾರು ಒಂದು ವಾರದಲ್ಲಿ ತಾತ್ಕಾಲಿಕ ಕದ ಕೂಡಿಸಿ ನೀರನ್ನು ತಡೆದರು. ಆ ದಿನಗಳಲ್ಲಿ ಗೆಳೆಯ ದಿನಕ್ಕೆ ಮೂರು ಸಲ ನನಗೆ ಫೋನ್ ಮಾಡುತ್ತಿದ್ದ. ಅವನ ತಂಗಿಯನ್ನು ಕೊಟ್ಟಿರುವುದು ಗಂಗಾವತಿಯ ಕಡೆ, ಎಡದಂಡೆ ಕಾಲುವೆಯ ಭತ್ತದ ಸೀಮೆಗೆ. ನೀರು ಹೋದರೆ ಅವಳ ಗದ್ದೆ ಒಣಗುತ್ತದೆ. ತನ್ನ ಊರನ್ನು ನುಂಗಿದ ನೀರು ಬರಿದಾಗದಿರಲೆಂದು ಆತ ಹುಲಿಗೆಮ್ಮನಿಗೆ ಹರಕೆ ಹೊತ್ತ. ಅಣ್ಣನಿಂದ ಕಸಿದದ್ದನ್ನು ಇದೇ ನೀರು ತಂಗಿಗೆ ಕೊಟ್ಟಿದೆ. ಲೆಕ್ಕವನ್ನು ಹೇಗೆ ಬರೆದರೂ ಒಂದು ಸಾಲು ಉಳಿಯುತ್ತದೆ.

ಕಳೆದ ಎಳ್ಳಮಾಸಿಯಲ್ಲಿ ಊಟ ಮುಗಿಸಿ ಬೇವಿನ ಕೆಳಗೆ ಕುಳಿತಾಗ ಮನೆಯನ್ನು ಮಾರುವ ಮಾತು ಬಂದಿತು. ನೀರಿನಂಚಿನ ಜಾಗ, ಒಳ್ಳೆಯ ಬೆಲೆ ಬರುತ್ತದೆ ಎಂದು ಹಿರಿಯ ಮಗ ಹೇಳಿದ. ತಪ್ಪು ಮಾತೇನಲ್ಲ, ದೂರದಲ್ಲಿರುವವರು ಸೋರುವ ಮಾಳಿಗೆಯನ್ನು ಎಷ್ಟು ಕಾಲ ನೋಡಿಕೊಂಡಾರು? ಗೆಳೆಯ ಬೇಡವೆನ್ನಲಿಲ್ಲ. "ಮಾರ್ರಿ. ಆದ್ರ ಬೇವಿನ ಮರ ಹೋದ್ರ ಹೊಲ ಎಲ್ಲೈತಿ ಅಂತ ಯಾರು ತೋರಸ್ತಾರ?" ಎಂದಷ್ಟೇ ಕೇಳಿದ. ಉತ್ತರ ಬರಲಿಲ್ಲ, ಮಾತು ಮುಂದಿನ ವರ್ಷಕ್ಕೆ ಹೋಯಿತು.

ಉಣ್ಣುವ ಮೊದಲು ಬೆಳೆದ ನೆಲಕ್ಕೆ ಒಂದು ತುತ್ತು ಎಂಬುದು ನಮ್ಮ ನಾಡಿನ ಒಕ್ಕಲುತನದ ಮರ್ಯಾದೆ. ಗಂಗಾವತಿಯ ಅಕ್ಕಿ ಇಂದು ಎಷ್ಟೋ ಊರುಗಳ ಅನ್ನವಾಗಿದೆ. ಅದನ್ನು ಬೆಳೆದ ನೆಲವನ್ನು ಎಣಿಸುವಾಗ ಗದ್ದೆಯ ಜೊತೆಗೆ ಗದ್ದೆಗೆ ನೀರು ನಿಲ್ಲಿಸಿಕೊಂಡ ನೆಲವೂ ಎಣಿಕೆಗೆ ಬರಬೇಕು. ಕಲ್ಲು ಇಟ್ಟವರ ಮನೆಯ ಮಗ ನಾನು; ನನ್ನ ಪಾಲಿಗೆ ಆ ಎಣಿಕೆಯೆಂದರೆ ವರ್ಷಕ್ಕೊಮ್ಮೆ ಹರಿಗೋಲಿನಲ್ಲಿ ಕೂಡುವುದು. ಮುನಿರಾಬಾದಿಗೆ ಬರುವ ತಾವು ಧುಮುಕುವ ನೀರನ್ನು ಕಣ್ತುಂಬ ನೋಡಿ. ಆಮೇಲೆ ಒಂದು ಗಳಿಗೆ ತಿರುಗಿ, ಸುಮ್ಮನೆ ನಿಂತಿರುವ ನೀರನ್ನೂ ನೋಡಿ.