ತುಸು ಸರಿದು ಕೂಡುವ ಧರ್ಮ

(ಶ್ರಾವಣ ಮಾಸದ ಪ್ರವಚನಮಾಲೆಯಲ್ಲಿ ಶ್ರೀಗಳವರು ದಯಪಾಲಿಸಿದ ಆಶೀರ್ವಚನ)



ಇಂದು ಇಲ್ಲಿ ನೆರೆದವರಲ್ಲಿ ಅನೇಕರು ಪ್ಯಾಸೆಂಜರ್ ಗಾಡಿಯಲ್ಲಿ ಬಂದಿದ್ದೀರಿ. ಗಾಡಿ ತಡವಾಯಿತೆಂದು ಪ್ರಸಾದಕ್ಕೂ ಕೂಡದೆ, ಕೈಕಾಲು ತೊಳೆದುಕೊಂಡು ನೇರವಾಗಿ ಸಭೆಗೆ ಬಂದವರೂ ಇದ್ದೀರಿ. ಆದುದರಿಂದ ಶಾಸ್ತ್ರದ ಮಾತಿಗಿಂತ ಮೊದಲು ಗಾಡಿಯ ಮಾತನ್ನೇ ಆಡೋಣವೆಂದು ನಮ್ಮ ಮನಸ್ಸಿಗೆ ಬಂದಿದೆ. ಇದರಲ್ಲಿ ನಮ್ಮದೇ ಒಂದು ತಪ್ಪಿನ ಕಥೆಯೂ ಇದೆ. ಅದನ್ನು ಇಷ್ಟು ಜನರೆದುರು ಈವರೆಗೆ ಹೇಳಿರಲಿಲ್ಲ.

ನಮಗೆ ಸಂಸ್ಕೃತ ಕಲಿಸಿದ ಶಾಸ್ತ್ರಿಗಳು ರೈಲಿಗೆ ‘ಧೂಮಶಕಟ’ವೆಂದು ಹೇಳುತ್ತಿದ್ದರು. ಧೂಮವೆಂದರೆ ಹೊಗೆ, ಶಕಟವೆಂದರೆ ಬಂಡಿ. ಈಗ ಧೂಮ ಹೋಗಿದೆ, ಶಕಟ ಉಳಿದಿದೆ. ನಮ್ಮ ದೇಶದಲ್ಲಿ ಜನರನ್ನು ಹೊತ್ತ ಮೊದಲ ಗಾಡಿ 1853ನೆಯ ಇಸವಿಯ ಏಪ್ರಿಲ್ 16ರಂದು ಮುಂಬಯಿಯ ಬೋರಿಬಂದರದಿಂದ ಠಾಣೆಗೆ ಓಡಿತು. ದೂರ ಕೇವಲ 34 ಕಿಲೋಮೀಟರು. ಹದಿನಾಲ್ಕು ಡಬ್ಬಿಗಳು, ಸುಮಾರು ನಾನೂರು ಜನ. ಚಿಕ್ಕ ಪ್ರಯಾಣವೇ ಸರಿ. ಆದರೆ ಮುಂದೆ ಅದರಿಂದ ಆದ ಕಾರ್ಯ ಚಿಕ್ಕದಲ್ಲ. ಹನ್ನೆರಡನೆಯ ಶತಮಾನದ ಶರಣರು ಒಂದೇ ಪಂಕ್ತಿಯಲ್ಲಿ ಕೂಡಿಸಿದ ಜನರನ್ನು ನಾವು ಮತ್ತೆ ಬೇರೆ ಬೇರೆ ಮಾಡಿಕೊಂಡಿದ್ದೆವು. ಟಿಕೆಟ್ಟಿನ ಕಿಟಕಿ ಯಾರ ಜಾತಿಯನ್ನೂ ಕೇಳಲಿಲ್ಲ, ದುಡ್ಡನ್ನು ಮಾತ್ರ ಕೇಳಿತು. ಒಂದು ಕಾಲಕ್ಕೆ ನಿಲ್ದಾಣಗಳಲ್ಲಿ ಹಿಂದೂ ನೀರು, ಮುಸಲ್ಮಾನ ನೀರು ಎಂದು ಕೊಡಗಳನ್ನು ಬೇರೆ ಬೇರೆ ಇಟ್ಟರು. ಗಾಡಿಯೊಳಗಿನ ಹಲಗೆಯನ್ನು ಮಾತ್ರ ಹಾಗೆ ಹಂಚಲಾಗಲಿಲ್ಲ.

ಪ್ಯಾಸೆಂಜರ್ ಗಾಡಿಯ ಸ್ವಭಾವವನ್ನು ಎಂದಾದರೂ ವಿಚಾರಿಸಿದ್ದೀರಾ? ಎಕ್ಸ್‌ಪ್ರೆಸ್ ಗಾಡಿ ದೊಡ್ಡ ಊರುಗಳನ್ನು ಮಾತ್ರ ಗುರುತಿಸುತ್ತದೆ. ಪ್ಯಾಸೆಂಜರಿಗೆ ಆ ಭೇದವಿಲ್ಲ. ಒಂದು ಬೇವಿನ ಗಿಡ, ಒಂದು ಕಲ್ಲಿನ ಬೆಂಚು ಇದ್ದಲ್ಲಿಯೂ ನಿಲ್ಲುತ್ತದೆ. ಇಳಿಯುವವನೊಬ್ಬ, ಹತ್ತುವವಳೊಬ್ಬಳು, ಅಷ್ಟಕ್ಕೇ ಇಡೀ ಗಾಡಿ ನಿಂತು ಹೊರಡುತ್ತದೆ. ಇನ್ನು ಒಂಟಿ ಹಳಿಯ ದಾರಿಯಲ್ಲಿ ‘ಕ್ರಾಸಿಂಗ್’ ಎಂಬುದೊಂದುಂಟು. ಎದುರಿನಿಂದ ವೇಗದ ಗಾಡಿ ಬರುವುದಿದ್ದರೆ, ಸ್ಟೇಷನ್ ಮಾಸ್ತರರು ಪ್ಯಾಸೆಂಜರನ್ನು ಬದಿಯ ಹಳಿಗೆ ತೆಗೆದುಕೊಂಡು ನಿಲ್ಲಿಸುತ್ತಾರೆ. ಅದು ಸರಿದು ನಿಲ್ಲುತ್ತದೆ. ಬರುವವನು ಸಾಗಿ ಹೋಗುತ್ತಾನೆ. ಒಳಗಿನವರು ಬೇಸರದಿಂದ ಗೊಣಗುತ್ತೇವೆ. ಆದರೆ ಎರಡೂ ಗಾಡಿಗಳು ನಾನು ಸರಿಯಲಾರೆನೆಂದರೆ ಆಗುವ ಅನಾಹುತವೇನು? ಒಬ್ಬರು ಸರಿದುದರಿಂದಲೇ ಇಬ್ಬರೂ ಊರು ಸೇರುತ್ತಾರೆ.

ಇನ್ನು ನಮ್ಮ ಕಥೆ. 1997ನೆಯ ಇಸವಿ. ಹಿರಿಯ ಗುರುಗಳವರು ಇನ್ನೂ ಇದ್ದರು, ನಾವು ಉತ್ತರಾಧಿಕಾರಿಯಾಗಿ ಹೊಸದಾಗಿ ಬಂದಿದ್ದೆವು. ತರ್ಕ, ವ್ಯಾಕರಣಗಳನ್ನು ಓದಿ ಬಂದ ಬಿಸಿ ತಲೆಯಲ್ಲಿತ್ತು. ಭಕ್ತರ ಮನೆಯ ಒಂದು ಕಾರ್ಯಕ್ಕೆಂದು ಗದಗದಿಂದ ಬಾಗಲಕೋಟೆಗೆ ಪ್ಯಾಸೆಂಜರ್ ಗಾಡಿಯಲ್ಲಿ ಹೊರಟೆವು. ಆಗ ಅದು ಮೀಟರ್‌ಗೇಜ್ ದಾರಿ, ಡಬ್ಬಿಗಳೂ ಇಕ್ಕಟ್ಟು. ನಮ್ಮೊಡನಿದ್ದ ಇಬ್ಬರು ಶಿಷ್ಯರು ಮೊದಲೇ ಹತ್ತಿ, ಒಂದು ಇಡೀ ಹಲಗೆಯ ಮೇಲೆ ಕಂಬಳಿ ಹಾಸಿ ಜಾಗ ಹಿಡಿದಿದ್ದರು. ನಾಲ್ಕು ಜನ ಕೂಡುವ ಹಲಗೆಯ ಮೇಲೆ ನಾವೊಬ್ಬರೇ ಕುಳಿತೆವು. ಬಂದವರಿಗೆಲ್ಲ ಶಿಷ್ಯರು, “ಅಪ್ಪಾರು ಕುಂತಾರ, ಅತ್ತಾಗ ಹೋಗ್ರಿ” ಎಂದು ಹೇಳುತ್ತಿದ್ದರು. ನಾವು ಕೇಳಿಸಿಕೊಂಡೂ ಕೇಳದವರಂತೆ ಕಿಟಕಿಯ ಹೊರಗೆ ನೋಡುತ್ತಿದ್ದೆವು.

ನಡುವೆ ಒಂದು ಚಿಕ್ಕ ನಿಲ್ದಾಣದಲ್ಲಿ ಒಬ್ಬ ಮುದುಕಿ, ಆಕೆಯ ಮಗಳು ಹತ್ತಿದರು. ಮಗಳ ಬಗಲಲ್ಲಿ ಜ್ವರ ಬಂದ ಕೂಸು. ಮುದುಕಿ ನಮ್ಮ ಹಲಗೆಯ ಕಡೆಗೆ ಎರಡು ಹೆಜ್ಜೆ ಬಂದಳು. ಶಿಷ್ಯರು ಕೈ ಅಡ್ಡ ಹಿಡಿದರು. ಆಕೆ ಒಂದು ಮಾತನ್ನೂ ಆಡದೆ ಹಿಂದಕ್ಕೆ ಹೋಗಿ ಬಾಗಿಲ ಬಳಿ ನೆಲದ ಮೇಲೆ ಕುಳಿತಳು. ಅಲ್ಲಿ ಬಾದಾಮಿಗೆ ಹೊರಟ ಮೊಸರು ಮಾರುವ ತಾಯಿಯೊಬ್ಬಳಿದ್ದಳು. ಗಡಿಗೆಗಳನ್ನು ಕಾಲ ಸಂದಿಗೆ ಎಳೆದುಕೊಂಡು, “ಬಾರವ್ವ, ಗಾಳಿ ಬಡಿತೈತಿ, ಕೂಸಿನ್ನ ಇಲ್ಲೆ ಕೊಡು” ಎಂದು ಕೂಸನ್ನು ತನ್ನ ಸೆರಗಿನ ಮರೆಗೆ ತೆಗೆದುಕೊಂಡಳು. ಆ ತಾಯಿಗೆ ಇದ್ದುದೇ ಒಂದು ಮೊಳ ಜಾಗ. ಅದರಲ್ಲಿಯೇ ಅರ್ಧ ಕೊಟ್ಟಳು. ನಮ್ಮ ಬಳಿ ಇಡೀ ಹಲಗೆ ಇತ್ತು.

ಹೊಳೆಆಲೂರಿನಲ್ಲಿ ಕ್ರಾಸಿಂಗ್ ಎಂದು ಗಾಡಿ ಬಹಳ ಹೊತ್ತು ನಿಂತಿತು. ಕೂಸು ಅಳತೊಡಗಿತು. ಏಳಬೇಕು, ಅವರನ್ನು ಕರೆಯಬೇಕು ಎಂದು ನಮಗೆ ಅನಿಸಲಿಲ್ಲವೆಂದಲ್ಲ. ಅನಿಸಿತು. ಆದರೆ ಮಡಿ ಏನಾದೀತು, ಶಿಷ್ಯರು ಏನೆಂದಾರು, ಈಗ ಕರೆದರೆ ಇಷ್ಟು ಹೊತ್ತು ಕರೆಯದುದು ತಪ್ಪೆಂದು ಒಪ್ಪಿದಂತಾಗುವುದಲ್ಲ — ಹೀಗೆ ತರ್ಕ ಮಾಡುತ್ತ ಕುಳಿತೆವು. ಓದಿದ ತರ್ಕಶಾಸ್ತ್ರ ಅಂದು ಆ ಕೆಲಸಕ್ಕೆ ಬಂದಿತು! ಅಷ್ಟರಲ್ಲಿ ಮುದುಕಿಯೇ ಕೂಸನ್ನು ಎತ್ತಿಕೊಂಡು ಬಂದು ನಮ್ಮ ಪಾದಕ್ಕೆ ಹಣೆ ಹಚ್ಚಿ, “ಯಪ್ಪಾ, ಮೂರು ದಿನಾ ಆತು, ಜ್ವರಾ ಇಳಿವಲ್ದು. ಒಂಚೂರು ವಿಭೂತಿ ಹಚ್ಚರಿ” ಎಂದಳು. ಆಕೆಯ ಮಾತಿನಲ್ಲಿ ಸಿಟ್ಟಿರಲಿಲ್ಲ, ವ್ಯಂಗ್ಯವಿರಲಿಲ್ಲ. ನಾವು ವಿಭೂತಿ ಹಚ್ಚಿದೆವು. ಕೂಸಿನ ಹಣೆ ಕೆಂಡದಂತೆ ಸುಡುತ್ತಿತ್ತು. ಆಗಲೂ ‘ಇಲ್ಲಿ ಕೂಡು ತಾಯಿ’ ಎಂಬ ಮಾತು ನಮ್ಮ ಬಾಯಿಂದ ಹೊರಡಲಿಲ್ಲ. ಆಕೆ ಮತ್ತೆ ಹೋಗಿ ನೆಲದ ಮೇಲೆ ಕುಳಿತಳು. ಬಾದಾಮಿಯಲ್ಲಿ ಮೂವರೂ ಇಳಿದುಹೋದರು. ಆ ಕೂಸು ಏನಾಯಿತೋ ನಮಗೆ ಇಂದಿಗೂ ತಿಳಿಯದು.

ಮಠಕ್ಕೆ ಮರಳಿ ಗುರುಗಳವರ ಮುಂದೆ ಎಲ್ಲವನ್ನೂ ಅರಿಕೆ ಮಾಡಿಕೊಂಡೆವು. ಅವರು ಬಹಳ ಹೊತ್ತು ಸುಮ್ಮನಿದ್ದು, “ಗಾಡಿ ಎಲ್ಲರಿಗೂ ನಿಂತಿತು; ನೀವು ಯಾರಿಗೂ ಸರಿಯಲಿಲ್ಲ” ಎಂದಷ್ಟೇ ಹೇಳಿದರು. ಅನಂತರ, “ಜಂಗಮ ಶಬ್ದವನ್ನು ಬಿಡಿಸಿರಿ” ಎಂದರು. ನಾವು ಪಾಠ ಒಪ್ಪಿಸಿದೆವು: ‘ಗಮ್’ ಎಂಬ ಧಾತು ಇಮ್ಮಡಿಸಿ ಆದ ಶಬ್ದ, ಮತ್ತೆ ಮತ್ತೆ ಚಲಿಸುವುದು ಜಂಗಮ, ನಿಂತಲ್ಲೇ ನಿಲ್ಲುವುದು ಸ್ಥಾವರ. ಗುರುಗಳವರು ನಕ್ಕು, “ನೂರು ಕಿಲೋಮೀಟರು ಹೋಗಿ ಬಂದಿರಿ, ಒಂದು ಗೇಣು ಚಲಿಸಲಿಲ್ಲ” ಎಂದರು. ಹನ್ನೆರಡು ವರ್ಷ ಓದಿದ ವ್ಯಾಕರಣ ಅಂದು ನಮಗೆ ತಿಳಿಯಿತು.

ಮಹಾತ್ಮಾ ಗಾಂಧಿಯವರ ಜೀವನವನ್ನು ನೋಡಿರಿ. 1893ರಲ್ಲಿ ದಕ್ಷಿಣ ಆಫ್ರಿಕದ ಪೀಟರ್‌ಮಾರಿಟ್ಸ್‌ಬರ್ಗ್ ನಿಲ್ದಾಣದಲ್ಲಿ, ಕೈಯಲ್ಲಿ ಮೊದಲ ದರ್ಜೆಯ ಟಿಕೆಟ್ಟಿದ್ದರೂ ಅವರನ್ನು ಗಾಡಿಯಿಂದ ಹೊರಗೆ ನೂಕಿದರು. ಮೈಬಣ್ಣ ಬೇರೆಯವನೊಡನೆ ಕೂಡಲು ಒಬ್ಬ ಪ್ರಯಾಣಿಕನಿಗೆ ಮನಸ್ಸಿರಲಿಲ್ಲ. ಆ ಅವಮಾನವನ್ನುಂಡವರು 1915ರಲ್ಲಿ ಸ್ವದೇಶಕ್ಕೆ ಬಂದ ಮೇಲೆ ಮೂರನೆಯ ದರ್ಜೆಯನ್ನೇ ಆರಿಸಿಕೊಂಡರು. 1917ರಲ್ಲಿ ಮುಂಬಯಿಯಿಂದ ಮದ್ರಾಸಿಗೆ ಹೋದಾಗ, 22 ಜನರಿಗೆಂದು ಬರೆದಿದ್ದ ಡಬ್ಬಿಯಲ್ಲಿ 35 ಜನ ತುಂಬಿದ್ದುದನ್ನು ಅವರು ಬರೆದಿಟ್ಟಿದ್ದಾರೆ. ರೈಲ್ವೆಯವರ ಅಲಕ್ಷ್ಯವನ್ನು ಖಂಡಿಸಿದ ಅವರು ಪ್ರಯಾಣಿಕರ ಸ್ವಾರ್ಥವನ್ನೂ ಮುಚ್ಚಿಡಲಿಲ್ಲ. ಮೂರನೆಯ ದರ್ಜೆಯನ್ನು ಸರಕಾರ 1974ರಲ್ಲಿ ತೆಗೆದುಹಾಕಿತು. ಆದರೆ ಪಕ್ಕದವನನ್ನು ಮೂರನೆಯ ದರ್ಜೆಯವನೆಂದು ಕಾಣುವ ಕಣ್ಣನ್ನು ಯಾವ ಸರಕಾರ ತೆಗೆಯಬೇಕು?

ಈಗ ಆ ದಾರಿ ಅಗಲವಾಗಿದೆ. ಒಂದು ಮೀಟರಿನ ಹಳಿಯಿದ್ದಲ್ಲಿ 1676 ಮಿಲಿಮೀಟರಿನ ಬ್ರಾಡ್‌ಗೇಜ್ ಬಂದಿದೆ. ಶ್ರೀ ಸಿದ್ಧಾರೂಢ ಸ್ವಾಮಿಗಳ ಹೆಸರನ್ನು ಹೊತ್ತ ಹುಬ್ಬಳ್ಳಿಯ ನಿಲ್ದಾಣದಲ್ಲಿ 2023ರಲ್ಲಿ 1507 ಮೀಟರ್ ಉದ್ದದ ಪ್ಲಾಟ್‌ಫಾರ್ಮ್ ಆಯಿತು. ಸಂತೋಷ. ಆದರೆ ಪ್ಲಾಟ್‌ಫಾರ್ಮ್ ಎಷ್ಟೇ ಉದ್ದವಾದರೂ ಬಡವನಿಗೆ ಬೇಕಾದುದು ಹಲಗೆಯ ಮೇಲೆ ಒಂದು ಗೇಣು. ರೋಗದ ಭಯದಿಂದ 2020ರ ಮಾರ್ಚಿನಲ್ಲಿ ಪ್ಯಾಸೆಂಜರ್ ಗಾಡಿಗಳು ನಿಂತವು. ಮತ್ತೆ ಓಡಿದಾಗ 10 ರೂಪಾಯಿಯ ಕನಿಷ್ಠ ದರ 30 ಆಗಿತ್ತು. 2024ರ ಫೆಬ್ರವರಿಯಲ್ಲಿ ಅದು ಮತ್ತೆ ಹತ್ತಕ್ಕೆ ಇಳಿಯಿತು. ಆ ಇಪ್ಪತ್ತು ರೂಪಾಯಿಯ ಭಾರ ಎಷ್ಟೆಂದು ದಿನಾ ಕೂಲಿಗೆ ಹೋಗಿಬರುವ ನಮ್ಮ ತಾಯಂದಿರನ್ನು ಕೇಳಿರಿ. ಅವರು ನಿಂತು ಹೋಗುವಾಗ ನಾವು ಟವೆಲ್ಲು ಹಾಸಿ ಜಾಗ ಹಿಡಿಯಬಹುದೇ?

ಗಾಡಿಯ ಮಾತು ಗಾಡಿಗೇ ಮುಗಿಯುವುದಿಲ್ಲ. ಹೊಲದ ಬದುವಿನಲ್ಲಿ ಒಂದು ಮೊಳ ಸರಿಯಲಾರದೆ ಅಣ್ಣತಮ್ಮಂದಿರು ಇಪ್ಪತ್ತು ವರ್ಷ ಕೋರ್ಟಿಗೆ ಅಲೆದುದನ್ನು ನಾವು ಬಲ್ಲೆವು. ಖರ್ಚಾದ ಹಣದಲ್ಲಿ ಅಂಥ ಎರಡು ಹೊಲ ಬರುತ್ತಿದ್ದವು. ಅಡಿಗೆಮನೆಯಲ್ಲಿ ಸೊಸೆಗೆ ಅತ್ತೆ ತುಸು ಸರಿಯಬೇಕು, ಅತ್ತೆಯ ಮುಪ್ಪಿಗೆ ಸೊಸೆ ತುಸು ಸರಿಯಬೇಕು. ಎದ್ದು ಹೋಗಿರೆಂದು ಯಾರೂ ಕೇಳುವುದಿಲ್ಲ. ನಾಲ್ವರು ತುಸುತುಸು ಸರಿದರೆ ಐದನೆಯವರಿಗೆ ಜಾಗ ತಾನಾಗಿ ಆಗುತ್ತದೆ. ನಾಲ್ವರಲ್ಲಿ ಯಾರ ಜಾಗವೂ ಹೋಗುವುದಿಲ್ಲ.

ಕೊನೆಯದಾಗಿ ಎರಡು ಮಾತನ್ನು ನಡೆಸಿಕೊಡಬೇಕು. ಬರುವ ಜಾತ್ರೆಗೆ ಗಾಡಿಯಲ್ಲಿ ಬರುವವರು ಮುದುಕರಿಗೆ, ಬಸುರಿಯರಿಗೆ, ಕೂಸಿನ ತಾಯಂದಿರಿಗೆ ಮೊದಲು ಜಾಗ ಕೊಡಿರಿ. ಶ್ರೀಮಠಕ್ಕೆ ಅದೇ ನಿಮ್ಮ ಕಾಣಿಕೆ. ಎರಡನೆಯದು, ನಾವು ಗಾಡಿಯಲ್ಲಿ ಕಂಡರೆ ನಮಗಾಗಿ ಯಾರನ್ನೂ ಎಬ್ಬಿಸಬೇಡಿರಿ. “ಅಜ್ಜಾರ, ತುಸು ಸರೀರಿ” ಎಂದು ಧೈರ್ಯವಾಗಿ ಹೇಳಿರಿ. ಹೇಳುವುದಕ್ಕಿಂತ ಮೊದಲೇ ಸರಿಯುವ ಬುದ್ಧಿಯನ್ನು ಶಿವನು ನಮಗೂ ಕೊಡಲಿ, ನಿಮಗೂ ಕೊಡಲಿ.

ಎಲ್ಲರಿಗೂ ಸನ್ಮಂಗಳವಾಗಲಿ.